ಮುಂದೇನು ಎಂದು ಗೊತ್ತಿರುವ ಮಗು

ಬರ್ಲಿನ್ನಿನಲ್ಲಿ ಮಗುವನ್ನು ಶಿಶುವಿಹಾರಕ್ಕೆ, ಇಲ್ಲಿಯವರ ಮಾತಿನಲ್ಲಿ ‘ಕಿಟಾ’ಕ್ಕೆ, ಸೇರಿಸುವವರು ಮೊದಲು ತಮ್ಮ ಕಚೇರಿಯಲ್ಲಿ ರಜೆ ಕೇಳಬೇಕಾಗುತ್ತದೆ. ಬಾಗಿಲಲ್ಲಿ ಮಗುವನ್ನು ಒಪ್ಪಿಸಿ ಹೊರಡುವುದು ಇಲ್ಲಿ ಮೊದಲ ದಿನವೇ ಸಾಧ್ಯವಿಲ್ಲ. ‘ಐನ್‌ಗೆವ್ಯೋನುಂಗ್’ ಎಂಬ ಹೊಂದಿಕೆಯ ಅವಧಿಯೊಂದಿದೆ; ಕೆಲವು ಮಕ್ಕಳಿಗೆ ಅದು ಒಂದು ವಾರದಲ್ಲಿ ಮುಗಿದರೆ, ಹಲವರಿಗೆ ಎರಡು ಮೂರು ವಾರ ಹಿಡಿಯುತ್ತದೆ. ಊರಿಗೆ ಫೋನ್ ಮಾಡಿ ಹೇಳಿದಾಗ, ‘ಅಷ್ಟು ದಿನ ಯಾಕೆ? ಎರಡು ದಿನ ಅತ್ತು ತಾನೇ ಸುಮ್ಮನಾಗುತ್ತದೆ’ ಎಂದರು. ಸುಮ್ಮನಾಗುವುದು ಬೇರೆ, ನೆಮ್ಮದಿಯಾಗುವುದು ಬೇರೆ. ಮಗಳೊಂದಿಗೆ ಆ ಕೋಣೆಯಲ್ಲಿ ಕುಳಿತ ಮೇಲೆ ನಾನು ಇದನ್ನು ಗಟ್ಟಿಯಾಗಿ ನಂಬಿದ್ದೇನೆ.

ಜರ್ಮನಿಯಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಇಂಥ ಕಡೆ ಜಾಗ ಸಿಗುವುದು 2013ರ ಆಗಸ್ಟ್ 1ರಿಂದ ಕಾನೂನುಬದ್ಧ ಹಕ್ಕು. ಅಷ್ಟು ಎಳೆಯ ಮಕ್ಕಳು ಬರುವಲ್ಲಿ ಆತುರ ನಡೆಯುವುದಿಲ್ಲ. 1980ರ ದಶಕದಲ್ಲಿ ರೂಪುಗೊಂಡ ‘ಬರ್ಲಿನ್ ಮಾದರಿ’ಯಲ್ಲಿ ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನೊಂದಿಗೆ ಸುಮಾರು ಒಂದು ಗಂಟೆ ಇದ್ದು, ಜೊತೆಯಲ್ಲೇ ಮರಳುತ್ತಾರೆ. ಮೂಲೆಯಲ್ಲಿ ಕುಳಿತಿದ್ದರೆ ಸಾಕು. ‘ಟೀಚರ್ ಬಳಿ ಹೋಗು ಪುಟ್ಟಾ’ ಎಂದು ತಳ್ಳಬಾರದು. ಮಗು ತಿರುಗಿ ನೋಡಿದಾಗ ಅಲ್ಲೇ ಇರಬೇಕು. ನಾಲ್ಕನೆಯ ದಿನ ಮೊದಲ ಅಗಲಿಕೆ, ಹೆಚ್ಚೆಂದರೆ ಅರ್ಧ ಗಂಟೆ. ಆ ದಿನ ಸೋಮವಾರವಾಗಿದ್ದರೆ ಮಂಗಳವಾರಕ್ಕೆ ಮುಂದೂಡುತ್ತಾರೆ, ಎರಡು ದಿನ ಮನೆಯಲ್ಲಿದ್ದ ಮಗುವಿಗೆ ಕೋಣೆ ಮತ್ತೆ ಹೊಸದಾಗಿರುತ್ತದೆ. ಶಿಕ್ಷಕಿ ಎತ್ತಿಕೊಂಡರೂ ಕೆಲವೇ ನಿಮಿಷಗಳಲ್ಲಿ ಅಳು ತಗ್ಗದಿದ್ದರೆ ಹೆತ್ತವರನ್ನು ಒಳಗೆ ಕರೆಯುತ್ತಾರೆ, ಮುಂದಿನ ಪ್ರಯತ್ನಕ್ಕೆ ಇನ್ನಷ್ಟು ದಿನ ಕಾಯುತ್ತಾರೆ. ಕಣ್ಣು ತಪ್ಪಿಸಿ ಜಾರಿಕೊಳ್ಳುವುದಂತೂ ಕೂಡದು. ಹೇಳಿಯೇ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು.

ನನ್ನ ಮಗಳಿಗೆ ಆಗ ಜರ್ಮನ್ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. ಅವಳ ಹಿಡಿತಕ್ಕೆ ಮೊದಲು ಸಿಕ್ಕಿದ್ದು ದಿನದ ಕ್ರಮ. ಬಂದ ಕೂಡಲೇ ತನ್ನ ಕೊಕ್ಕೆ ಹುಡುಕಬೇಕು. ಓದು ಬಾರದ ಮಕ್ಕಳಿಗಾಗಿ ಪ್ರತಿ ಕೊಕ್ಕೆಯ ಮೇಲೂ ಒಂದು ಚಿತ್ರ, ಅವಳದು ಮುಳ್ಳುಹಂದಿ. ಕೋಟು ನೇತುಹಾಕಿ, ಒಳಗೆ ಹಾಕುವ ಚಪ್ಪಲಿ ತೊಟ್ಟು, ಕಿಟಕಿಯಿಂದ ಕೈಬೀಸಿ ನನ್ನನ್ನು ಕಳುಹಿಸಬೇಕು. ಆಮೇಲೆ ಎಲ್ಲರೂ ನೆಲದ ಮೇಲೆ ವೃತ್ತವಾಗಿ ಕೂರುತ್ತಾರೆ. ದಿನವೂ ಅದೇ ಹಾಡು, ನಂತರ ಒಬ್ಬೊಬ್ಬರ ಹೆಸರು. ಬಾರದ ಮಗುವಿನ ಹೆಸರನ್ನೂ ಹೇಳಿ, ಎಲ್ಲಿದೆಯೆಂದು ವಿಚಾರಿಸುತ್ತಾರೆ. ಈ ಒಂದು ಸಂಗತಿ ನನಗೆ ಬಹಳ ಹಿಡಿಸಿತು: ನಾನಿಲ್ಲದಿದ್ದರೂ ಇಲ್ಲಿ ನನ್ನನ್ನು ನೆನೆಯುತ್ತಾರೆ ಎಂಬುದು ಮಗುವಿಗೆ ಯಾರೂ ವಿವರಿಸದೆ ತಿಳಿಯುತ್ತದೆ. ಆಟಿಕೆ ಎತ್ತಿಡುವುದಕ್ಕೆ ಬೇರೆಯೇ ಹಾಡು. ಅದರ ಸಾಹಿತ್ಯ ಅರ್ಥವಾಗುವುದಕ್ಕೆ ಎಷ್ಟೋ ಮೊದಲೇ ಮಗಳು ಆ ರಾಗ ಕೇಳಿದೊಡನೆ ಬುಟ್ಟಿಯತ್ತ ಓಡುತ್ತಿದ್ದಳು.

ಗಡಿಯಾರ ನೋಡಲು ಬಾರದ ಮಗುವಿಗೆ ‘ಮೂರು ಗಂಟೆಗೆ ಬರುತ್ತೇನೆ’ ಎಂದರೆ ಏನೂ ತಿಳಿಯದು. ‘ಊಟ ಆದ ಮೇಲೆ ನಿದ್ದೆ, ನಿದ್ದೆ ಆದ ಮೇಲೆ ಹಣ್ಣು, ಹಣ್ಣು ತಿಂದ ಮೇಲೆ ಅಮ್ಮ’ ಎಂದರೆ ತಿಳಿಯುತ್ತದೆ. ಆದ್ದರಿಂದಲೇ ಊಟ, ನಿದ್ದೆ, ಹಣ್ಣು ಅದಲುಬದಲಾಗಬಾರದು. ಅದೇ ಅವಳ ಗಡಿಯಾರ.

ಕ್ರಮವೆಂದರೆ ಶಿಸ್ತಿನ ಕವಾಯತು ಎಂದು ಮಾತ್ರ ಭಾವಿಸಬೇಡಿ. ವೃತ್ತದಲ್ಲಿ ಕೂರಲು ಒಲ್ಲದ ಮಗು ಗೊಂಬೆ ತಬ್ಬಿಕೊಂಡು ದೂರದಿಂದ ನೋಡುತ್ತಿರಬಹುದು. ಯಾರೂ ಎಳೆದು ತರುವುದಿಲ್ಲ. ಹಾಡು ಮಾತ್ರ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ.

ಊರಿನಲ್ಲಿ ಪುಟ್ಟ ಮಕ್ಕಳಿಗೆ ಸಂಗೀತ, ಚಿತ್ರಕಲೆ ಹೇಳಿಕೊಡುವ ಗೆಳತಿಯರಿಗೂ ನಾನು ಇದನ್ನೇ ಹೇಳುತ್ತೇನೆ. ಆರಂಭ ಮತ್ತು ಮುಕ್ತಾಯ ಎಂದೂ ಬದಲಾಗದಿರಲಿ, ಹೊಸತೇನಿದ್ದರೂ ನಡುವೆ ಬರಲಿ. ಬಾಗಿಲಲ್ಲಿ ಅಳು ಬಂದರೆ ಗಾಬರಿ ಬೇಡ. ಬಿಟ್ಟುಹೋಗುವಾಗ ಅತ್ತರೂ ಶಿಕ್ಷಕಿಯ ತೋಳಿನಲ್ಲಿ ಮಗು ಸಮಾಧಾನಗೊಂಡರೆ, ಅದು ಹೊಂದಿಕೊಂಡಿದೆ ಎಂದೇ ಇಲ್ಲಿ ಲೆಕ್ಕ. ಜ್ವರವೋ ದೀರ್ಘ ರಜೆಯೋ ಮುಗಿಸಿ ಬಂದ ಮಗುವಿಗೆ ಕೆಲವು ದಿನ ಮತ್ತೆ ಕಡಿಮೆ ಹೊತ್ತು, ಮತ್ತೆ ಅದೇ ಹಾಡಿನಿಂದ ಆರಂಭಿಸಿ.