ಎಂಟು ಗಂಟೆ ಅಂತ ಬರೆದಿದ್ದೆ, ಆಗಿದ್ದೇ ಬೇರೆ

ಗೋಡೌನ್ ಸ್ಟಾಕ್ ನೋಡೋ ಒಂದು ಸಣ್ಣ ಆ್ಯಪ್, ಸರ್ವರಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋ ನೋಡ್ ಜೆಎಸ್‌ನಲ್ಲಿ ಮಾಡಿದ್ವಿ. ಲಾಗಿನ್ ಭಾಗ ನಂದು. ಲಾಗಿನ್ ಆದವರಿಗೆ ಸರ್ವರ್ ಸಹಿ ಹಾಕಿ ಒಂದು ಟೋಕನ್ ಕೊಡುತ್ತೆ, ಗೇಟ್ ಪಾಸ್ ಇದ್ದಂಗೆ, ಅದ್ರ ಆಯಸ್ಸು ಎಂಟು ಗಂಟೆ ಅಂತ ಇಟ್ಟಿದ್ದೆ. ಜೇಸನ್‌ವೆಬ್‌ಟೋಕನ್ ಲೈಬ್ರರಿ ಹಾಕ್ಕೊಂಡೆ, ಅದ್ರಲ್ಲಿ ನಮಗೆ ಬೇಕಾಗಿದ್ದು ಎರಡೇ ಫಂಕ್ಷನ್, ಸಹಿ ಹಾಕೋ ಸೈನ್ ಮತ್ತೆ ಅದನ್ನ ಪರೀಕ್ಷೆ ಮಾಡೋ ವೆರಿಫೈ. ಅರ್ಧ ದಿನದ ಕೆಲಸ ಅಂದ್ಕೊಂಡೆ, ಅರ್ಧ ದಿನದಲ್ಲೇ ಮುಗೀತು ಕೂಡ.

ಏಳೆಂಟು ತಿಂಗಳಾದ್ಮೇಲೆ ಕ್ಲೈಂಟ್ ಕಡೆ ಮ್ಯಾನೇಜರ್ ಫೋನು. "ಸರ್, ಕೆಲಸ ಬಿಟ್ಟು ಹೋದ ಹುಡುಗ ಇನ್ನೂ ನಮ್ ಸ್ಟಾಕ್ ರಿಪೋರ್ಟ್ ನೋಡ್ತಿದಾನಂತೆ, ಅವನೇ ನಗ್ತಾ ಹೇಳ್ದ." ಡೇಟಾಬೇಸಲ್ಲಿ ನೋಡಿದ್ರೆ ಅವನ ಹೆಸರು ಯಾವಾಗ್ಲೋ ಡಿಲೀಟ್ ಆಗಿದೆ. ಆದ್ರೆ ನಮ್ ಸರ್ವರ್ ಪ್ರತಿ ಸಲ ಡೇಟಾಬೇಸ್ ಕೇಳ್ತಾನೇ ಇರ್ಲಿಲ್ವಲ್ಲ, ಟೋಕನ್ ಮೇಲೆ ನಮ್ದೇ ಸಹಿ ಇದ್ರೆ ಸಾಕು, ಒಳಗೆ ಬಿಡು ಅಂತ ಬರೆದಿದ್ದೆ, ಟೋಕನ್ ಬಳಸೋದೇ ಆ ಅನುಕೂಲಕ್ಕೆ. ಸರಿ, ಆದ್ರೂ ಎಂಟು ಗಂಟೇಲಿ ಅದು ಸಾಯ್ಬೇಕಿತ್ತು, ಯಾಕ್ ಸಾಯ್ಲಿಲ್ಲ?

ಅವನ ಟೋಕನ್ ತರಿಸ್ಕೊಂಡೆ. ಈ-ವೈ-ಜೆ ಅಂತ ಶುರುವಾಗೋ ಅಕ್ಷರಗಳ ಉದ್ದದ ಸರ, ಮಧ್ಯ ಎರಡು ಚುಕ್ಕೆ, ಮೂರು ತುಂಡು. ನಡುವಿನ ತುಂಡು ಬರೀ ಬೇಸ್64, ಅಂದ್ರೆ ಅಕ್ಷರ ಬದಲಿಸಿ ಬರೆಯೋ ಒಂದು ರೀತಿ, ಗುಟ್ಟೇನಿಲ್ಲ, ಯಾರು ಬೇಕಾದ್ರೂ ಬಿಚ್ಚಿ ಓದ್ಬಹುದು (ಅದಕ್ಕೇ ಅದ್ರೊಳಗೆ ಪಾಸ್‌ವರ್ಡ್ ಇಡೋರನ್ನ ಕಂಡ್ರೆ ನನಗೆ ಉರಿಯುತ್ತೆ). ಬಿಚ್ಚಿದೆ, ಎಕ್ಸ್‌ಪ್ ಅನ್ನೋ ಕಡೆ, ಅಂದ್ರೆ ಟೋಕನ್ ಮುಗಿಯೋ ಹೊತ್ತು ಬರೆಯೋ ಜಾಗದಲ್ಲಿ, 13 ಅಂಕಿ. ಅಲ್ಲಿ ಇರ್ಬೇಕಾಗಿದ್ದು 10. 2015ರ ಆರ್‌ಎಫ್‌ಸಿ 7519, ಅಂದ್ರೆ ಈ ಟೋಕನ್ ಹೇಗಿರ್ಬೇಕು ಅಂತ ಹೇಳೋ ದಾಖಲೆ, ಅದ್ರ ಪ್ರಕಾರ ಅದು ಸೆಕೆಂಡಲ್ಲಿರ್ಬೇಕು, 1970ರಿಂದ ಲೆಕ್ಕ, ನಾನು ಈಗಿನ ಟೈಮ್ ಹೇಳೋ ಡೇಟ್ ಡಾಟ್ ನೌ ಕೊಟ್ಟ ಸಂಖ್ಯೆಗೆ ಎಂಟು ಗಂಟೆ ಕೂಡಿಸಿ ಹಂಗೇ ತುರುಕಿದ್ದೆ, ಜಾವಾಸ್ಕ್ರಿಪ್ಟ್ ಅದನ್ನ ಕೊಡೋದು ಮಿಲಿಸೆಕೆಂಡಲ್ಲಿ. ಲೆಕ್ಕ ಹಾಕಿದ್ರೆ ಆ ಹುಡುಗನ ಲಾಗಿನ್ ಮುಗಿಯೋದು ಇಸವಿ 55 ಸಾವಿರ ದಾಟಿದ್ಮೇಲೆ. ಲೈಬ್ರರಿ ಪಾಪ ಏನ್ ಮಾಡುತ್ತೆ, ಅದು ಸಂಖ್ಯೆನಾ ಅಂತ ನೋಡ್ತು, ಈಗಿನ ಟೈಮಿಗಿಂತ ದೊಡ್ಡದಾ ಅಂತ ನೋಡ್ತು, ಬಿಡ್ತು. ನನ್ ಟೆಸ್ಟೂ ಅಷ್ಟೇ, ಟೋಕನ್ ಮಾಡು, ಮರುಕ್ಷಣ ವೆರಿಫೈ ಮಾಡು, ಹಸಿರು, ಅಂದ್ರೆ ಪಾಸ್.

ನಗು ಬರೋದೇನಂದ್ರೆ ದೊಡ್ಡ ಕಳ್ಳರ ದಾರಿ ಎಲ್ಲ ಮುಚ್ಚಿದ್ದೆ. ಟೋಕನ್‌ನಲ್ಲಿ ಸಹಿಯ ಆಲ್ಗಾರಿದಮ್ ಜಾಗದಲ್ಲಿ 'none' (ಯಾವುದೂ ಇಲ್ಲ) ಅಂತ ಬರೆದು ಸಹಿನೇ ಇಲ್ದೆ ನುಗ್ಗೋದು ಗೊತ್ತಲ್ಲ, ಅದಕ್ಕೆ ಎಚ್‌ಎಸ್256 ಅನ್ನೋ ಸಹಿ ವಿಧಾನ ಒಂದನ್ನೇ ಒಪ್ಪು ಅಂತ ಕಟ್ಟಿಹಾಕಿದ್ದೆ, ಸಹಿ ಹಾಕೋಕೆ ಬಳಸೋ ಗುಟ್ಟಿನ ಕೀ, ಅಂದ್ರೆ ಸೀಕ್ರೆಟ್ಟೂ ಪೂರ್ತಿ 32 ಬೈಟ್.

ಗಾಬರೀಲಿ ಸೀಕ್ರೆಟ್ಟೇ ಬದಲಾಯಿಸಿಬಿಟ್ಟೆ, ಸೋಮವಾರ ಬೆಳಿಗ್ಗೆ, ಲೋಡಿಂಗ್ ಟೈಮಲ್ಲಿ. ಹಳೇ ಸಹಿ ಒಂದೂ ನಡೀಲಿಲ್ಲ, ಎಲ್ರೂ ಒಟ್ಟಿಗೆ ಹೊರಗೆ. ವೆರಿಫೈಗೆ ಮ್ಯಾಕ್ಸ್‌ಏಜ್ ಅಂತ ಒಂದು ಆಪ್ಷನ್ ಇದೆ, ಟೋಕನ್ ಹುಟ್ಟಿದ ಹೊತ್ತಿಂದ ಇಷ್ಟೇ ಆಯಸ್ಸು ಅಂತ ಹೇಳ್ಬಹುದು, ಹುಟ್ಟಿದ ಹೊತ್ತನ್ನ ಲೈಬ್ರರಿನೇ ಬರೆದಿರುತ್ತೆ, ಸರಿಯಾಗಿ ಸೆಕೆಂಡಲ್ಲೇ. ಅದನ್ನ ಹಾಕಿದ್ರೆ ಅವತ್ತು ಬೆಳಿಗ್ಗೆ ಲಾಗಿನ್ ಆದವರಾದ್ರೂ ಉಳ್ಕೊಳ್ತಿದ್ರು. ಗೊತ್ತಾಗಿದ್ದು ಸಾಯಂಕಾಲ.

ಕೈಯಲ್ಲಿ ಲೆಕ್ಕ ಹಾಕೋದೇ ಬೇಡ ಅಂತ ಎಕ್ಸ್‌ಪೈರ್ಸ್‌ಇನ್ ಆಪ್ಷನ್‌ಗೆ ಬಂದೆ, 28800 ಸೆಕೆಂಡು, ಆ ಸಂಖ್ಯೆ ಬರೋದು ಕೋಡಿನ ಹೊರಗೆ ಸರ್ವರಲ್ಲಿ ಇಡೋ ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ. ಸ್ಟೇಜಿಂಗಲ್ಲಿ (ಪರೀಕ್ಷೆಗೆ ಇಟ್ಟ ಸರ್ವರ್) ಚೆನ್ನಾಗಿ ಓಡ್ತು, ಜನ ಬಳಸೋ ಪ್ರೊಡಕ್ಷನ್‌ಗೆ ಹಾಕಿದ್ವಿ, ಎರಡೇ ನಿಮಿಷ, ಮತ್ತೆ ಅದೇ ಮ್ಯಾನೇಜರ್. "ಸರ್, ಒಂದ್ ಎಂಟ್ರಿ ಮಾಡೋಷ್ಟರಲ್ಲಿ ಹೊರಗೆ ಹಾಕುತ್ತೆ." ಎನ್ವಿರಾನ್ಮೆಂಟಿಂದ ಬರೋದು ಯಾವಾಗ್ಲೂ ಸ್ಟ್ರಿಂಗ್, ಅಂದ್ರೆ ಸಂಖ್ಯೆ ಅಲ್ಲ, ಬರೀ ಅಕ್ಷರ, ಈ ಲೈಬ್ರರಿ ಸಂಖ್ಯೆ ಕೊಟ್ರೆ ಸೆಕೆಂಡ್ ಅಂತ ಓದುತ್ತೆ, ಯೂನಿಟ್ ಇಲ್ದಿರೋ ಸ್ಟ್ರಿಂಗ್ ಕೊಟ್ರೆ ಮಿಲಿಸೆಕೆಂಡ್ ಅಂತ. ಎಂಟು ಗಂಟೆ ಹೋಗಿ 28 ಸೆಕೆಂಡ್ ಆಯ್ತು. ರೀಡ್‌ಮೀಲಿ ಬರೆದೇ ಇದೆ, ಓದ್ದೇ ಇದ್ದೋನು ನಾನು. ಸ್ಟೇಜಿಂಗಲ್ಲಿ ಆ ವೇರಿಯಬಲ್ಲೇ ಇರ್ಲಿಲ್ಲ, ಕೋಡಲ್ಲಿದ್ದ ಡೀಫಾಲ್ಟ್ ಸಂಖ್ಯೆ ಓಡಿತ್ತು, ಅದಕ್ಕೇ ಸಿಕ್ಕಿಬೀಳ್ಲಿಲ್ಲ.

ಈಗ '8h' ಅಂತ ಯೂನಿಟ್ ಸಮೇತ ಬರೀತೀವಿ, ಟೆಸ್ಟಲ್ಲಿ ಗಡಿಯಾರ ಒಂಬತ್ತು ಗಂಟೆ ಮುಂದಕ್ಕೆ ತಳ್ಳಿ ಟೋಕನ್ ಸಾಯುತ್ತಾ ನೋಡ್ತೀವಿ, ಏಳು ಗಂಟೆ ತಳ್ಳಿ ಬದುಕಿದೆಯಾ ಅಂತಾನೂ ನೋಡ್ತೀವಿ. ಆ ಹುಡುಗನ ಟೋಕನ್ ಇನ್ನೂ ನನ್ ಹತ್ರ ಇದೆ. ಆಗಾಗ ವೆರಿಫೈಗೆ ಕೊಡ್ತೀನಿ, ಸಹಿ ಸರಿ ಇಲ್ಲ ಅನ್ನುತ್ತೆ, ಅವಧಿ ಮುಗಿದಿದೆ ಅಂತ ಮಾತ್ರ ಅನ್ನಲ್ಲ.