ಹತ್ತು ಸೆಕೆಂಡಿಗೊಮ್ಮೆ ಏಳುವ ಕೆಲಸವನ್ನು ನಿಲ್ಲಿಸಲು ಹೋಗಿ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟವೊಂದಕ್ಕೆ ಗಾಳಿಯ ತೇವಾಂಶ ಅಳೆಯುವ ಪುಟ್ಟ ಲಿನಕ್ಸ್ ಪೆಟ್ಟಿಗೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಷಾಢದ ಮಳೆ ಹಿಡಿದರೆ ಕೊಳೆರೋಗದ ಚಿಂತೆ ತೋಟದವರದು. ಹತ್ತು ಸೆಕೆಂಡಿಗೊಮ್ಮೆ ಸೆನ್ಸರ್ ಓದಿಸುವ ಚಿಂತೆ ನನ್ನದು. ನಿಜ ಹೇಳಬೇಕೆಂದರೆ ಇದಕ್ಕೆ ಸಾಮಾನ್ಯ ಪ್ರೋಗ್ರಾಂ ಒಂದು ಸಾಕಿತ್ತು. ಆದರೆ ಕರ್ನಲ್ ಮಾಡ್ಯೂಲ್, ಎಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೇಕಾದಾಗ ಸೇರಿಸಿ ತೆಗೆಯಬಹುದಾದ ಕೋಡ್, ಬರೆಯುವ ಹುಮ್ಮಸ್ಸು ನನಗೆ.

ಮೊದಲು, ಹೊತ್ತಾದಾಗ ನಾನು ಹೇಳಿದ ಫಂಕ್ಷನ್ ಓಡಿಸುವ ಕರ್ನಲ್ ಟೈಮರ್ ಇಟ್ಟೆ. ಲೋಡ್ ಮಾಡಿದ ಹತ್ತನೇ ಸೆಕೆಂಡಿಗೆ ಪರದೆ ತುಂಬ ‘ಶೆಡ್ಯೂಲಿಂಗ್ ವೈಲ್ ಅಟಾಮಿಕ್’ ಎಂಬ ಬೈಗುಳ. ಹಿರಿಯ ಸಹೋದ್ಯೋಗಿಗೆ ಫೋನ್ ಮಾಡಿದರೆ, “ಟೈಮರ್ ಒಳಗೆ ಹೋಗಿ ನಿದ್ದೆ ಮಾಡಿದರೆ ಹೇಗೆ ಮಾರಾಯರೇ?” ಎಂದು ನಕ್ಕರು. ಟೈಮರ್ ಕರೆಯುವ ಫಂಕ್ಷನ್ ಓಡುವುದು ಸಾಫ್ಟ್ ಇಂಟರಪ್ಟ್‌ನಲ್ಲಿ, ಎಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ಕರ್ನಲ್ ಚಟ್ಟನೆ ಮುಗಿಸಬೇಕಾದ ಹೊತ್ತಿನಲ್ಲಿ. ಅಲ್ಲಿ ಕಾಯುತ್ತ ಮಲಗುವಂತಿಲ್ಲ. ಚಿಪ್‌ಗಳು ಮಾತಾಡಿಕೊಳ್ಳುವ ಐ-ಟು-ಸಿ ತಂತಿಯ ಮೇಲೆ ಸೆನ್ಸರ್ ಓದುವುದೆಂದರೆ ಕಾಯುವುದೇ. ಹಾಗಾಗಿ, ಹೇಳಿದಷ್ಟು ಹೊತ್ತು ಕಳೆದ ಮೇಲೆ ಕೆಲಸ ಓಡಿಸುವ ಡಿಲೇಡ್ ವರ್ಕ್‌ಗೆ ಬದಲಾಯಿಸಿದೆ. ಅದು ಇಂಥ ಕೆಲಸಗಳಿಗೆಂದೇ ಕರ್ನಲ್ ಇಟ್ಟುಕೊಂಡ ವರ್ಕರ್ ಥ್ರೆಡ್‌ನಲ್ಲಿ ಓಡುತ್ತದೆ, ನಿದ್ದೆಗೆ ಅಡ್ಡಿಯಿಲ್ಲ. ಓದು ಮುಗಿಸಿ ತನ್ನನ್ನು ತಾನೇ ಮತ್ತೆ ಸರದಿಗೆ ಹಾಕಿಕೊಳ್ಳುತ್ತದೆ. ಪ್ರತಿ ಸುತ್ತಿಗೂ ಚೂರು ತಡವಾಗುತ್ತ ಹೋಗುತ್ತದೆ, ತೇವಾಂಶಕ್ಕೆ ಅದೇನೂ ಲೆಕ್ಕವಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಮಾಡ್ಯೂಲ್ ತೆಗೆಯುವಾಗ. ನಮ್ಮ ಮೇಜಿನ ಮೇಲೆ ನೂರು ಸಲ ಸುಸೂತ್ರವಾಗಿ ತೆಗೆಯಲು ಬಂದದ್ದು ತೋಟದಲ್ಲಿ ಒಂದು ದಿನ ಇಡೀ ಪೆಟ್ಟಿಗೆಯನ್ನು ನಿಲ್ಲಿಸಿಬಿಟ್ಟಿತು. ವಿದ್ಯುತ್ತಿನ ಮೇಲೆ ಗುಮಾನಿ ಪಟ್ಟೆ. ಮಲೆನಾಡಿನ ಮಳೆಗಾಲದಲ್ಲಿ ಎಲ್ಲಕ್ಕೂ ಅದೇ ಮೊದಲ ಆರೋಪಿ.

ಆದರೆ ತಪ್ಪು, ಮಾಡ್ಯೂಲ್ ತೆಗೆಯುವಾಗ ಓಡುವ ನನ್ನ ಎಕ್ಸಿಟ್ ಫಂಕ್ಷನ್‌ನಲ್ಲಿತ್ತು. ನಾನು ಕರೆದಿದ್ದ ರದ್ದತಿ ಫಂಕ್ಷನ್, ಸರದಿಯಲ್ಲಿ ಕಾಯುತ್ತಿರುವ ಕೆಲಸವನ್ನಷ್ಟೇ ತೆಗೆಯುತ್ತದೆ; ಆಗಲೇ ಓಡುತ್ತಿರುವುದನ್ನು ಮುಟ್ಟುವುದಿಲ್ಲ, ಮುಗಿಯಲೆಂದು ಕಾಯುವುದೂ ಇಲ್ಲ. ಸೆನ್ಸರ್ ಓದಲು ಸುಮಾರು 15 ಮಿಲಿಸೆಕೆಂಡ್. ಮಾಡ್ಯೂಲ್ ತೆಗೆಯುವ ಆಜ್ಞೆ ಸರಿಯಾಗಿ ಆ 15ರೊಳಗೆ ಬಿದ್ದರೆ, ಪೇಟೆಗೆ ಹೋದವನು ಮರಳುವಷ್ಟರಲ್ಲಿ ಮನೆಯನ್ನೇ ಕಿತ್ತುಹಾಕಿದ ಹಾಗೆ: ಓದು ಮುಗಿಸಿ ಹಿಂದಿರುಗಲು ಕೋಡ್ ಇದ್ದ ಜಾಗವೇ ಇಲ್ಲ.

ಹತ್ತು ಸೆಕೆಂಡಿನಲ್ಲಿ 15 ಮಿಲಿಸೆಕೆಂಡ್ ಎಂದರೆ ಕಾದು ಕೂತರೆ ಸಿಗುವ ದೋಷವಲ್ಲ. ಓದುವ ಫಂಕ್ಷನ್‌ನೊಳಗೆ ಬೇಕೆಂದೇ ಐದು ಸೆಕೆಂಡ್ ನಿದ್ದೆ ತುರುಕಿದೆ. ಆಮೇಲೆ ಮಾಡ್ಯೂಲ್ ತೆಗೆದರೆ ಹೆಚ್ಚುಕಡಿಮೆ ಮೂರು ಸಲಕ್ಕೊಮ್ಮೆ ಪೆಟ್ಟಿಗೆ ನಿಂತುಹೋಗತೊಡಗಿತು. ಇಷ್ಟು ಸಂತೋಷದಿಂದ ಯಂತ್ರ ಕೆಡಿಸಿದ್ದು ನೆನಪಿಲ್ಲ.

ಕೊನೆಗೆ ಹೆಸರಿನ ತುದಿಯಲ್ಲಿ ‘ಸಿಂಕ್’ ಇರುವ ರದ್ದತಿಯನ್ನು ಕರೆದೆ. ಮೆಮೊರಿ ಬಿಡುಗಡೆ ಮಾಡುವ ಸಾಲನ್ನು ಅದರ ಕೆಳಗೆ ಇಳಿಸಿದೆ. ಆಜ್ಞೆ ಕೊಟ್ಟೆ. ಕರ್ಸರ್ ನಾಲ್ಕು ಸೆಕೆಂಡ್ ಅಲುಗಾಡದೆ ನಿಂತಿತು. ಓಡುತ್ತಿದ್ದ ಕೆಲಸ ಮುಗಿಯಿತು, ಪ್ರಾಂಪ್ಟ್ ಬಂತು.