ಗೇಟ್ ಮುಂದೆ ಚೆಲ್ಲಿದ ನಾಲ್ಕು ದಿನದ ಕಸ

ಜುಲೈ ತಿಂಗಳು, ಪುನರ್ವಸು ಮಳೆ ಹಿಡ್ಕೊಂಡಿತ್ತು. ಚಿಕ್ಕಮಗಳೂರಲ್ಲಿ ಇರೋರಿಗೆ ಗೊತ್ತು ಆ ಮಳೆ ಹೆಂಗೆ ಅಂತ, ಜೋರಾಗೂ ಬರಲ್ಲ ನಿಲ್ಲೋದೂ ಇಲ್ಲ, ತಂತಿ ಮೇಲಿನ ಬಟ್ಟೆ ಮೂರು ದಿನ ಆದ್ರೂ ಹಂಗೇ ಹಸಿ, ಮುಳ್ಳಯ್ಯನಗಿರಿ ಕಡೆ ನೋಡಿದ್ರೆ ಬರೀ ಮಂಜು. ಅಂಥ ವಾರದಲ್ಲಿ ನಮ್ಮ ಬೀದಿಗೆ ನಾಲ್ಕು ದಿನ ಕಸದ ಗಾಡಿ ಬರಲಿಲ್ಲ. ಅಡುಗೆಮನೆ ಡಸ್ಟ್‌ಬಿನ್ ತುಂಬ್ತು, ಅದನ್ನ ದೊಡ್ಡ ಕಪ್ಪು ಕವರಿಗೆ ಸುರಿದು ಗಂಟು ಹಾಕಿ ಹಿತ್ತಲಲ್ಲಿ ಇಟ್ವಿ, ಮತ್ತೆ ತುಂಬ್ತು, ಮತ್ತೊಂದು ಕವರು. ಶನಿವಾರ ರಾತ್ರಿ ನಾನೇ ಎರಡನ್ನೂ ತಗೊಂಡ್ಹೋಗಿ ಗೇಟ್ ಹೊರಗೆ ಇಟ್ಟು ಬಂದೆ, ಬೆಳಿಗ್ಗೆ ಹೆಂಗಿದ್ರೂ ಗಾಡಿ ಬಂದೇ ಬರುತ್ತೆ ಅಂತ.

ಭಾನುವಾರ ಬೆಳಿಗ್ಗೆ ಆರೂವರೆಗೆ ಹಾಲು ತರೋಕೆ ಗೇಟ್ ತೆಗೆದ್ರೆ ರಸ್ತೆ ತುಂಬ ನಮ್ಮನೆ ಕಸ. ನಾಯಿಗಳು ಎರಡೂ ಕವರ್ ಹರಿದು ಎಳೆದಾಡಿದ್ವು, ಮೇಲಿಂದ ರಾತ್ರಿಯಿಡೀ ಮಳೆ. ಅನ್ನ, ಸಾರಿನ ಹೋಳು, ಹಲಸಿನ ಹಣ್ಣಿನ ಸಿಪ್ಪೆ, ಕಾಫಿ ಚರಟ, ಹಾಲಿನ ಕವರು, ನನ್ನ ಹೆಸರಿರೋ ಕರೆಂಟ್ ಬಿಲ್ಲು, ಮಗಳ ಡ್ರಾಯಿಂಗ್ ಹಾಳೆ, ಅಮ್ಮನ ಬಿಪಿ ಮಾತ್ರೆ ಸ್ಟ್ರಿಪ್ಪು, ಹೆಂಡತಿ ಪೇಪರಲ್ಲಿ ಸುತ್ತಿ ಹಾಕಿದ್ದ ಪ್ಯಾಡು ಕೂಡ. ಪಕ್ಕದ ಮನೆಯವರು ಛತ್ರಿ ಹಿಡ್ಕೊಂಡು ವಾಕಿಂಗ್ ಹೊರಟಿದ್ರು, ಒಂದು ಮಾತೂ ಆಡದೆ ದಾಟ್ಕೊಂಡು ಹೋದ್ರು. ನನಗೆ ಆಗ ಆದ ನಾಚಿಕೆ ಇಷ್ಟು ಅಂತ ಹೇಳೋಕಾಗಲ್ಲ.

ರೇನ್‌ಕೋಟ್ ಹಾಕ್ಕೊಂಡು ಒಂದು ಹಳೇ ಬಕೆಟ್ ತಂದು ಕೈಯಲ್ಲೇ ಎತ್ತೋಕೆ ಶುರು ಮಾಡ್ದೆ. ಅರ್ಧ ಎತ್ತಿರಬೇಕು, ಹಳಸಿದ ಅನ್ನದ ಮುದ್ದೆ ಒಳಗಿಂದ ಏನೋ ಬೆರಳಿಗೆ ಚುಚ್ಚಿದ ಹಂಗಾಯ್ತು, ನೋಡಿದ್ರೆ ಶೇವಿಂಗ್ ಬ್ಲೇಡು. ನಾನು ಎಸೆದಿದ್ದೇ ಅದು. ಸ್ವಲ್ಪದರಲ್ಲಿ ಉಳ್ಕೊಂಡೆ, ಸಣ್ಣ ಗೀರು ಅಷ್ಟೇ. ಆದ್ರೆ ದಿನಾ ಗಾಡಿ ಜೊತೆ ಬರೋ ಅಕ್ಕ ನಮ್ಮ ಬಕೆಟ್ ಸುರ್ಕೊಂಡು ಕೈ ಹಾಕಿ ಬೇರೆ ಮಾಡ್ತಾರಲ್ಲ, ಅವರ ಕೈಗೆ ಗ್ಲೌಸ್ ಇರೋದನ್ನ ನಾನು ಅಪರೂಪಕ್ಕೆ ನೋಡಿದೀನಿ. ಇಷ್ಟು ವರ್ಷ ತಿಂಗಳಿಗೊಂದೋ ಎರಡೋ ಬ್ಲೇಡು ಹಿಂಗೇ ಅನ್ನದ ಜೊತೆ ಹಾಕಿ ಕಳಿಸಿದೀನಲ್ಲ ಅಂತ ಅಲ್ಲೇ ಮಳೆಲಿ ನಿಂತ್ಕೊಂಡು ಹೊಟ್ಟೆ ಕಿವುಚಿದ ಹಂಗಾಯ್ತು.

ಎತ್ತಿದ್ದನ್ನ ಮತ್ತೆ ಕವರಿಗೆ ತುಂಬೋಕೆ ಮನಸ್ಸು ಬರಲಿಲ್ಲ. ಹಿತ್ತಲ ಶೀಟ್ ಕೆಳಗೆ ಹಳೇ ಟಾರ್ಪಾಲ್ ಹಾಸಿ ಎಲ್ಲಾ ಸುರಿದೆ. ಅಮ್ಮ ಬಚ್ಚಲ ಒಲೆಗೆ ಉರಿ ಹಾಕ್ತಾ ಕೂತಿದ್ಲು, "ಎಂತ ಮಾಡ್ತೀಯೋ ಮಾರಾಯಾ, ಬೆಳಿಗ್ಗೆ ಬೆಳಿಗ್ಗೆ" ಅಂದ್ಲು. ಏನೇನಿದೆ ನೋಡ್ತೀನಿ ಅಂದೆ. ಅಪ್ಪ ಇದ್ದಾಗ ಆಲ್ದೂರು ಕಡೆ ತೋಟದಲ್ಲಿ ಕಾಫಿ ಹಣ್ಣಿನ ಚೀಲ ತೂಗ್ತಿದ್ದ ಕೊಕ್ಕೆ ತಕ್ಕಡಿ ಅಟ್ಟದ ಮೇಲಿತ್ತು, ಅದನ್ನೂ ಇಳಿಸಿದೆ. ಒಟ್ಟು 9 ಕೆಜಿ. ಹಸಿದನ್ನೆಲ್ಲ ಒಂದು ಕಡೆ ಮಾಡಿ ತೂಗಿದ್ರೆ ಮುಳ್ಳು 7ರ ಹತ್ರ ಹೋಯ್ತು. ನಾನಂದ್ಕೊಂಡಿದ್ದು ನಮ್ಮನೆ ಕಸ ಅಂದ್ರೆ ಪ್ಲಾಸ್ಟಿಕ್ಕು ಅಂತ, ನೋಡಿದ್ರೆ ಮುಕ್ಕಾಲು ಭಾಗ ಸಿಪ್ಪೆ, ಚರಟ, ಅನ್ನ! ಉಳಿದ 2 ಕೆಜಿಲಿ ಪೇಪರು, ರಟ್ಟು, ಹಾಲಿನ ಕವರು, ಎಣ್ಣೆ ಪ್ಯಾಕೆಟ್ಟು ಎಲ್ಲಾ ಗುಜರಿಯವನು ದುಡ್ಡು ಕೊಟ್ಟು ಒಯ್ಯೋ ಸಾಮಾನೇ, ಆದ್ರೆ ಅಷ್ಟಕ್ಕೂ ಸಾರು ಮೆತ್ಕೊಂಡು ಮುಟ್ಟೋಕಾಗದ ಹಂಗೆ ಆಗಿತ್ತು. ಬೇರೆ ಬೇರೆ ಇಟ್ಟಿದ್ರೆ ಗೊಬ್ಬರ ಒಂದು ಕಡೆ, ರದ್ದಿ ಒಂದು ಕಡೆ. ಎರಡನ್ನೂ ಸೇರಿಸಿ ಕಸ ಮಾಡಿದ್ದು ನಾವೇ. ಹಸಿ, ಒಣ, ಅಪಾಯದ್ದು ಅಂತ ಮೂರು ಥರ ಮನೇಲೇ ಬೇರೆ ಮಾಡಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು, ಗಾಡಿಯ ಮೈಕಲ್ಲೂ ದಿನಾ ಕೂಗ್ತಾರೆ. ಕಿವಿಗೆ ಬೀಳ್ತಿತ್ತು, ತಲೆಗೆ ಹೋಗಿರಲಿಲ್ಲ ಅಷ್ಟೇ.

ಹಾಲಿನ ಕವರ್ ಎಣಿಸಿದ್ರೆ ಎಂಟಿತ್ತು, ದಿನಕ್ಕೆ ಅರ್ಧ ಲೀಟರಿಂದು ಎರಡು, ಅಂದ್ರೆ ವರ್ಷಕ್ಕೆ 730. ಆದ್ರೆ ಕವರಿನ ಮೂಲೆ ಕತ್ತರಿಸ್ತೀವಲ್ಲ, ಆ ತ್ರಿಕೋನದ ಚೂರು, ಅದು ಸಿಕ್ಕಿದ್ದು ಬರೀ ಎರಡು. ಉಗುರಿನಷ್ಟಿರೋ ಚೂರನ್ನ ಯಾರೂ ಹೆಕ್ಕಲ್ಲ, ಯಾವ ಮಿಷಿನ್ನಿಗೂ ಸಿಗಲ್ಲ. ಉಳಿದ ಆರು ಎಲ್ಲಿ ಅಂತ ಹುಡುಕಿದ್ರೆ ಒಂದು ಸಿಂಕ್ ಪೈಪಿನ ಜಾಲರಿಲಿ, ಒಂದು ಗೇಟ್ ಮುಂದಿನ ಚರಂಡಿಲಿ ಕಾಣಿಸ್ತು, ಬಾಕಿ ಎಲ್ಲೋಯ್ತೋ. ನಾವಿರೋದು ಯಗಚಿ ಹುಟ್ಟೋ ಬೆಟ್ಟದ ಬುಡದಲ್ಲಿ, ಯಗಚಿ ಬೇಲೂರು ದಾಟಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ, ಇಲ್ಲಿಂದ ಹರಿದು ಹೋಗೋದನ್ನ ಕೆಳಗಿನೋರು ಕುಡೀತಾರೆ. ಅವತ್ತಿಂದ ನಮ್ಮನೇಲಿ ಮೂಲೆ ಪೂರ್ತಿ ಕತ್ತರಿಸೋದು ಬಂದ್, ಸೀಳು ಬಿಟ್ಟು ಚೂರು ಕವರಿಗೇ ಅಂಟ್ಕೊಂಡಿರೋ ಹಂಗೆ ಕತ್ತರಿ ಹಾಕ್ತೀವಿ, ತೊಳೆದು ಸಿಂಕ್ ಮೇಲೆ ದಾರಕ್ಕೆ ಕ್ಲಿಪ್ ಹಾಕಿ ನೇತಾಕ್ತೀವಿ. ಮಾಡೋಕೆ ಎರಡು ಸೆಕೆಂಡಿನ ಕೆಲಸ.

ಆ ತೊಳೆದ ಕವರುಗಳು ಮೊದಮೊದಲು ಕಾಣೆ ಆಗ್ತಿದ್ವು. ಅಮ್ಮ! ಹಂಡೆ ಒಲೆ ಹೊತ್ತಿಸೋಕೆ ಹಾಲಿನ ಕವರು ಅವಳಿಗೆ ಬೇಕೇ ಬೇಕು, ಮಳೆಗಾಲದಲ್ಲಿ ಸೌದೆ ಹಸಿ ಇರುತ್ತೆ, ಕವರ್ ಇಟ್ಟು ಕಡ್ಡಿ ಗೀರಿದ್ರೆ ಭಗ್ ಅಂತ ಹತ್ಕೊಳುತ್ತೆ. ನಮ್ಮ ಕಡೆ ಎಷ್ಟೋ ಮನೇಲಿ ಹಿಂಗೇನೇ. ಹೊಗೆ ವಿಷ, ಉಸಿರಾಟಕ್ಕೆ ಕೆಟ್ಟದ್ದು ಅಂತ ನಾನು ಹೇಳಿದ್ದು ಅವಳಿಗೆ ನಾಟಲಿಲ್ಲ, "ನಲವತ್ತು ವರ್ಷದಿಂದ ಒಲೆ ಮುಂದೆ ಕೂತಿದೀನಿ ಕಣೋ" ಅಂದ್ಲು. ಆಮೇಲೆ ಒಂದು ದಿನ ಸುಮ್ನೆ ಪಕ್ಕದಲ್ಲಿ ಕೂತೆ. ಕವರು ಉರೀವಾಗ ಎಣ್ಣೆ ಥರ ಕರಗಿ ತೊಟ್ಟು ತೊಟ್ಟು ಬೂದಿ ಮೇಲೆ ಬೀಳ್ತಿತ್ತು, ಬಿದ್ದದ್ದು ಕಪ್ಪಗೆ ಅಂಟಾಗಿ ಗಟ್ಟಿ ಆಗ್ತಿತ್ತು. "ಅಮ್ಮ, ಈ ಬೂದಿನೇ ಅಲ್ವಾ ನೀನು ಕರಿಬೇವಿನ ಗಿಡಕ್ಕೆ ಹಾಕೋದು, ಆ ಸೊಪ್ಪಿನ ಒಗ್ಗರಣೆನೇ ಅಲ್ವಾ ಮೊಮ್ಮಗಳು ತಿನ್ನೋದು" ಅಂತ ಕೇಳ್ದೆ. ಏನೂ ಹೇಳಲಿಲ್ಲ, ಕಡ್ಡಿಲಿ ಆ ಕಪ್ಪು ಅಂಟನ್ನ ಕೆದಕ್ತಾ ಕೂತ್ಲು. ಮಾರನೇ ದಿನ ತೆಂಗಿನ ಸಿಪ್ಪೆ ನಾರು ಬಿಡಿಸಿ ಒಲೆ ಪಕ್ಕ ಒಣಗೋಕೆ ಇಟ್ಟಿದ್ಲು. ಈಗ ಅದರಲ್ಲೇ ಹೊತ್ತಿಸೋದು.

ಹಸಿ ಕಸದ ಕಥೆ ಇಷ್ಟು ಸುಲಭ ಆಗಲಿಲ್ಲ. ಪೇಂಟಿನ 20 ಲೀಟರ್ ಬಕೆಟ್ಟಿಗೆ ತಳದಲ್ಲಿ, ಸುತ್ತ ತೂತು ಹೊಡೆದು ದಿನಾ ಸಿಪ್ಪೆ, ಚರಟ ಸುರೀತಾ ಬಂದೆ. ಹತ್ತೇ ದಿನಕ್ಕೆ ಮುಚ್ಚಳ ತೆಗೆದ್ರೆ ತಲೆ ಸುತ್ತೋ ವಾಸನೆ, ಬೆಳ್ಳಗೆ ಹುಳ ಬುಳುಬುಳು ಅಂತಿದ್ವು, ತಳದಲ್ಲಿ ಕಪ್ಪು ನೀರು. ಹೆಂಡತಿ "ರೀ, ಇದನ್ನ ಇವತ್ತೇ ಎಲ್ಲಾದ್ರೂ ಹಾಕಿ ಬನ್ನಿ" ಅಂತ ಖಡಾಖಂಡಿತ ಹೇಳಿದ್ಲು. ಅಮ್ಮ ಬಂದು ಬಗ್ಗಿ ನೋಡಿ, "ದರಗು ಎಲ್ಲೋ?" ಅಂದ್ಲು. ಅಷ್ಟೇ ಕೇಳಿದ್ದು. ದರಗು ಅಂದ್ರೆ ಉದುರಿದ ಒಣ ಎಲೆ. ನಮ್ಮೂರಲ್ಲಿ ಕೊಟ್ಟಿಗೆಗೆ ಅದನ್ನ ಹಾಸ್ತಿದ್ರು, ಸಗಣಿ ಗಂಜಲ ಸೇರಿ ತಿಪ್ಪೆಗೆ ಹೋಗ್ತಿತ್ತು, ಬರೀ ಹಸಿದನ್ನ ಗುಡ್ಡೆ ಹಾಕಿದ್ರೆ ಗಾಳಿ ಆಡದೆ ಕೊಳೆಯುತ್ತೆ ಅನ್ನೋದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಆಮೇಲೆ ಓದಿದಾಗ ನನಗೂ ತಿಳೀತು, ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೇಲಿ ಇಂಗಾಲ ಜಾಸ್ತಿ, ಹೆಚ್ಚುಕಮ್ಮಿ 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇದ್ರೆ ಚೆನ್ನಾಗಿ ಗೊಬ್ಬರ ಆಗುತ್ತಂತೆ. ಅಮ್ಮ ಇದನ್ನೇ ಒಂದೇ ಪದದಲ್ಲಿ ಹೇಳಿದ್ಲು.

ಆದ್ರೆ ಜುಲೈಲಿ ಒಣ ದರಗು ಎಲ್ಲಿಂದ ತರೋದು, ಎಲೆ ಎಲ್ಲಾ ನೆಂದು ಮುದ್ದೆ. ತೋಟ ಇರೋ ಸ್ನೇಹಿತನಿಗೆ ಫೋನ್ ಮಾಡಿದ್ರೆ "ಕಾಫಿ ಹೊಟ್ಟು ಬೇಕಾದಷ್ಟು ಬಿದ್ದಿದೆ, ಬಾ" ಅಂದ. ಚೆರ್ರಿ ಕಾಫಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಅದನ್ನ ಸಿಪ್ಪೆ ಬಿಡಿಸೋ ಹಲ್ಲರ್ ಮಿಷಿನ್ನಿಗೆ ಹಾಕಿದಾಗ ಬರೋ ಹೊಟ್ಟು, ಎರಡು ಗೋಣಿ ಸ್ಕೂಟರ್ ಮೇಲೆ ತಂದು ಶೀಟ್ ಕೆಳಗೆ ಇಟ್ಕೊಂಡೆ. ಒಂದು ಬಟ್ಟಲು ಹಸಿಗೆ ಎರಡು ಬಟ್ಟಲು ಹೊಟ್ಟು, ನಾಲ್ಕು ದಿನಕ್ಕೊಮ್ಮೆ ಕೋಲಲ್ಲಿ ತಿರುವೋದು, ಹುಳಿ ಮಜ್ಜಿಗೆ ಒಂಚೂರು. ವಾರದೊಳಗೆ ವಾಸನೆ ಹೋಯ್ತು. ಆ ಬಿಳಿ ಹುಳ ಕೂಡ ಏನೂ ಕೆಟ್ಟದ್ದಲ್ಲ, ಕಸ ತಿಂದು ಬೇಗ ಗೊಬ್ಬರ ಮಾಡೋವೇ, ಒಣ ಹೊಟ್ಟು ಬಿದ್ಮೇಲೆ ಅವೇ ಕಮ್ಮಿ ಆದ್ವು. ಮೂಳೆ, ಮೀನಿನ ತಲೆ ಮಾತ್ರ ಹಾಕಲ್ಲ, ಹಾಕಿದ್ರೆ ಇಲಿ, ನಾಯಿ ಮತ್ತೆ ಶುರು.

ಬೇರೆ ಮಾಡೋದಕ್ಕಿಂತ ಮನೆಗೆ ತರೋದೇ ಕಮ್ಮಿ ಆಗಬೇಕು ಅಂತ ಹೊಳೆದಿದ್ದು ಬುಧವಾರದ ಸಂತೇಲಿ. ಒಂದು ಸಲ ಸಂತೆಯಿಂದ ಬಂದು ಎಣಿಸಿದ್ರೆ ಹನ್ನೊಂದು ಕವರು, ಹತ್ತು ರೂಪಾಯಿ ಹಸಿಮೆಣಸಿನಕಾಯಿಗೂ ಒಂದು, ಎರಡು ನಿಂಬೆಹಣ್ಣಿಗೂ ಒಂದು. ಪ್ಲಾಸ್ಟಿಕ್ ಕವರು ನಮ್ಮ ರಾಜ್ಯದಲ್ಲಿ 2016ರಲ್ಲೇ ಬ್ಯಾನ್ ಆಗಿದೆ, 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ಚಮಚ, ಲೋಟ, ತಟ್ಟೆ ಇಡೀ ದೇಶದಲ್ಲೇ ಬ್ಯಾನ್, ಆದ್ರೂ ನಾವು ಬರಿಗೈಲಿ ಹೋದ್ರೆ ಮಾರೋರು ಏನು ಮಾಡಬೇಕು ಪಾಪ. ಅಪ್ಪನ ಹಳೇ ಪಂಚೆ ಎರಡನ್ನ ಅಮ್ಮ ಹರಿದು ಎಂಟು ಸಣ್ಣ ಚೀಲ ಹೊಲಿದು ಕೊಟ್ಲು. ಮೊದಲ ವಾರ ಸೊಪ್ಪಿನ ಅಜ್ಜಿ ಮುಂದೆ ಚೀಲ ಹಿಡಿದಾಗ ಅಜ್ಜಿ ಬಟ್ಟೆ ಮುಟ್ಟಿ ನೋಡಿ, "ಮಗಾ, ಕವರಿಗೇ ದಿನಕ್ಕೆ ಐವತ್ತು ರೂಪಾಯಿ ಹೋಗುತ್ತೆ ನಂಗೆ" ಅಂತ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದ್ರು. ಚೀಲ ಸ್ಕೂಟರ್ ಡಿಕ್ಕಿಲೇ ಇಡಬೇಕು, ಮನೇಲಿ ಇಟ್ರೆ ಮರೆತೇ ಹೋಗುತ್ತೆ, ಇದು ನಾಲ್ಕು ಸಲ ಮರೆತ ಮೇಲೆ ಕಂಡ್ಕೊಂಡಿದ್ದು. ಮಟನ್ನಿಗೆ ಸ್ಟೀಲ್ ಡಬ್ಬಿ ಒಯ್ತೀನಿ, ಅಂಗಡಿಯವರು ಮೊದಲು ಖಾಲಿ ಡಬ್ಬಿ ತೂಕ ಹಾಕಿ ಸೊನ್ನೆ ಮಾಡ್ಕೊಂಡು ಆಮೇಲೆ ತೂಗಿ ಕೊಡ್ತಾರೆ, ಯಾರೂ ಬೇಡ ಅಂದಿಲ್ಲ.

ಬ್ಲೇಡಿಗೆ ಒಂದು ತಗಡಿನ ಡಬ್ಬಿ ಇಟ್ಟಿದೀನಿ, ಮುಚ್ಚಳಕ್ಕೆ ಸೀಳು ಮಾಡಿ. ಬಲ್ಬು, ಸೆಲ್ಲು, ಹಳೇ ಮಾತ್ರೆಗೆ ಶೂ ಬಾಕ್ಸ್. ಪ್ಯಾಡು ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕಿ ಬೇರೇನೇ ಕೊಡ್ತೀವಿ. ಮೊದಲ ಸಲ ಹಿಂಗೆ ಕೊಟ್ಟ ದಿನ ಗಾಡಿ ಅಕ್ಕನಿಗೆ ಆ ಬ್ಲೇಡಿನ ವಿಷಯ ಹೇಳಿ ಕ್ಷಮೆ ಕೇಳ್ದೆ. ಅವರು ಎಡಗೈ ಹೆಬ್ಬೆರಳು ತೋರಿಸಿದ್ರು, ಬುಡದಿಂದ ಉಗುರಿನವರೆಗೆ ಹೊಲಿಗೆ ಹಾಕಿದ ಗುರುತು, ಯಾವ ಮನೆ ಗಾಜೋ ಗೊತ್ತಿಲ್ಲ ಸಾರ್ ಅಂದ್ರು. ನಾನು ಏನೂ ಹೇಳೋಕಾಗದೆ ನಿಂತೆ.

ಅಕ್ಟೋಬರ್ ಕೊನೇಲಿ ಬಕೆಟ್ ತಳದಿಂದ ಗೊಬ್ಬರ ತೆಗೆದ್ವಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ, ಒಳಗೆ ಮೊಟ್ಟೆ ಚಿಪ್ಪಿನ ಚೂರು ಮಾತ್ರ ಬೆಳ್ಳಗೆ ಕಾಣ್ತಿತ್ತು. ಅಮ್ಮ ಮೊದಲ ಹಿಡಿ ಹಾಕಿದ್ದು ಕರಿಬೇವಿಗೆ. ಕಳೆದ ಭಾನುವಾರ ಮತ್ತೆ ತಕ್ಕಡಿ ಇಳಿಸಿ ಗಾಡಿಗೆ ಕೊಡೋ ಚೀಲ ತೂಗಿದೆ, ಇಡೀ ವಾರದ್ದು, ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನೋಷ್ಟು. ಅದರಲ್ಲಿ ಬಹುಪಾಲು ಚಿಪ್ಸು, ಬಿಸ್ಕತ್ತು, ಶಾಂಪೂ ಸ್ಯಾಶೆ ಕವರು. ಒಳಗೆ ಬೆಳ್ಳಿ ಥರ ಹೊಳೆಯುತ್ತಲ್ಲ ಅದು, ಪ್ಲಾಸ್ಟಿಕ್ಕು ಅಲ್ಯೂಮಿನಿಯಂ ಪದರ ಪದರವಾಗಿ ಅಂಟಿಸಿರ್ತಾರೆ, ಬಿಡಿಸೋಕೆ ಬರಲ್ಲ ಅಂತ ಗುಜರಿಯವನೂ ಮುಟ್ಟಲ್ಲ. ಶಾಂಪೂಗೆ ದೊಡ್ಡ ಬಾಟಲಿ ತಂದ್ವಿ. ಬಿಸ್ಕತ್ತಿಗೆ ಏನು ಮಾಡೋದು ಅಂತ ಮಗಳನ್ನ ಕೇಳಿದೆ, ಅವಳು ಈ ವಾರದ ಕವರುಗಳನ್ನ ಎಣಿಸಿ ಒಂದು ಡಬ್ಬದಲ್ಲಿ ಹಾಕಿಟ್ಟಿದಾಳೆ, ಹದಿನಾಲ್ಕು ಇದೆಯಂತೆ, ಮುಂದಿನ ವಾರ ಹತ್ತಕ್ಕೆ ಇಳಿಸೋಣ ಅಂದಿದಾಳೆ. ಶನಿವಾರ ಅಜ್ಜಿ ಜೊತೆ ಕೂತು ಕೋಡುಬಳೆ ಮಾಡ್ತಾಳಂತೆ.